ನೀಲಿ ಚಾವಣಿಯ ಬೋಗಿಯೂ ಇಬ್ಬರು ಬೀಗರೂ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಗೆದ್ದು ಬಂದವನು ಬರೆಯುತ್ತಿದ್ದಾನೆ. ಅಲ್ಲಲ್ಲಿ ಜಂಬ ಇಣುಕಿದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಕನ್ನಡ, ತೆಲುಗು ಎರಡೂ ಆಡುವ ಗಡಿಯ ರಾಯದುರ್ಗದವನು. ನಮ್ಮೂರಲ್ಲಿ ಮನೆಗೊಂದು ಹೊಲಿಗೆ ಮಿಷನ್ನು, ಓಣಿಗೊಂದು ಜೀನ್ಸ್ ಕಾರ್ಖಾನೆ. ಅಂಥದೊಂದರಲ್ಲಿ ಮೂವತ್ತು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದೆ, ಈಗ ನನ್ನದೇ ಸಣ್ಣ ಯೂನಿಟ್ ಇದೆ. ಹುಚ್ಚು ಮಾತ್ರ ಬೇರೆ. ಹಳೆಯ ತಗಡಿನ ಆಟಿಕೆ ರೈಲುಗಳಲ್ಲಿ ನಾನು ಪ್ಯಾಸೆಂಜರ್ ಬೋಗಿಗಳನ್ನು ಕೂಡಿಡುತ್ತೇನೆ. ಇಂಜಿನ್ನು ಬೇಡ, ಗೂಡ್ಸು ಬೇಡ. ಜನ ಕೂರುವ ಬೋಗಿ ಮಾತ್ರ.

ಈ ಹುಚ್ಚಿನ ಒಳಗುಟ್ಟು ವೇರಿಯೇಷನ್ನು. ಒಂದೇ ಬೋಗಿಯನ್ನು ಕಾರ್ಖಾನೆ ವರ್ಷಾನುಗಟ್ಟಲೆ ಮಾಡುತ್ತದೆ. ಒಂದು ಸಲ ಬಾಗಿಲಿಗೆ ಕಂದು ಬಣ್ಣ, ಇನ್ನೊಂದು ಸಲ ಹಸಿರು. ಒಂದರ ಮೇಲೆ ಅಕ್ಷರ ದಪ್ಪ, ಇನ್ನೊಂದರ ಮೇಲೆ ಸಣ್ಣ. ನೋಡುವವರಿಗೆ ಎಲ್ಲವೂ ಒಂದೇ. ಹುಚ್ಚಿದ್ದವನಿಗೆ ಒಂದೊಂದೂ ಬೇರೆ. ನನಗೆ ಇದು ಹೊಸದೇನಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಇದಕ್ಕೆ ‘ಲಾಟ್ ಬದಲಾಯ್ತು’ ಎನ್ನುತ್ತಾರೆ. ಒಂದು ಲಾಟಿನ, ಅಂದರೆ ಒಂದೇ ಸಲ ಬಣ್ಣ ಹಾಕಿದ, ಬಟ್ಟೆ ಅರ್ಧಕ್ಕೆ ಮುಗಿದರೆ ಪಕ್ಕದ ಲಾಟಿನಿಂದ ಹಾಕಿ ಮುಗಿಸುತ್ತೇವೆ. ಹಳದಿ ದಾರ ಮುಗಿದ ಸಂಜೆ ಕಂದು ದಾರದಲ್ಲಿ ಇನ್ನೂರು ಪ್ಯಾಂಟು ಹೊಲಿಸಿದ ಪಾಪಿ ನಾನೇ.

ಇಪ್ಪತ್ತು ವರ್ಷದ ಹಿಂದೆ ಬಳ್ಳಾರಿಯ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಮೊಳೆಗಳ ಡಬ್ಬದಡಿ ನನಗೊಂದು ಜರ್ಮನ್ ಬೋಗಿ ಸಿಕ್ಕಿತು. ಆ ಮಾದರಿಯ ಬೋಗಿಗಳಿಗೆಲ್ಲ ಚಾವಣಿ ಬೂದು. ಇದರದು ನೀಲಿ, ಮೊದಲ ಒಗೆತದ ಜೀನ್ಸಿನಂಥ ನೀಲಿ. ಈಚೆಗೆ ಅದರ ಫೋಟೊವನ್ನು ಜರ್ಮನಿಯ ಒಂದು ಸಂಗ್ರಾಹಕರ ಬಳಗಕ್ಕೆ ಕಳಿಸಿದೆ. ಯಾವ ಬೋಗಿ ಎಷ್ಟು ಬಗೆಯಲ್ಲಿದೆ ಎಂಬ ಪಟ್ಟಿಯನ್ನು ಅಚ್ಚು ಹಾಕುವವರು ಅವರೇ. ಆ ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಉತ್ತರ ಬಂತು: ಇದು ಯಾರೋ ಮರುಬಣ್ಣ ಹೊಡೆದದ್ದು. ಹೊಸ ಪಟ್ಟಿಯ ಕೊನೆಯಲ್ಲಿ ‘ನಕಲಿಗಳು’ ಎಂಬ ಭಾಗವಿದೆ, ಅಲ್ಲಿ ಹಾಕುತ್ತೇವೆ. ಒಪ್ಪಿಗೆಯಿಲ್ಲದಿದ್ದರೆ ವಾರ್ಷಿಕ ಸಭೆಗೆ ಬೋಗಿಯನ್ನು ತಂದು ತೋರಿಸಿ.

ನನಗೆ ಉರಿದುಹೋಯಿತು. ನಕಲಿ ಬೋಗಿ ಎಂದಷ್ಟೇ ಬರೆದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಬಣ್ಣ ಹೊಡೆದವನು ನಾನೇ ಎಂಬ ವಾಸನೆ ಆ ಕಾಗದದಲ್ಲಿತ್ತು. ಹೊರಟೇಬಿಟ್ಟೆ.

ನನ್ನ ಹೆಂಡತಿ ಒಂದೇ ಷರತ್ತು ಹಾಕಿದಳು. “ಒಬ್ರ ಹೋಗೋದು ಬ್ಯಾಡ್ರಿ. ಕನ್ನಡಕ ಹಣಿ ಮ್ಯಾಲ ಇಟ್ಕಂಡು ಊರೆಲ್ಲಾ ಹುಡುಕ್ತೀರಿ. ಬೀಗರನ್ನ ಕರ್ಕಂಡ್ ಹೋಗ್ರಿ. ಅವ್ರ ಪಾಸ್‌ಪೋರ್ಟು ಸುಮ್ನ ಕುಂತೈತಿ.”

ಬೀಗರು ಎಂದರೆ ನನ್ನ ಮಗಳ ಮಾವ, ಮಡಕಶಿರದ ಹನುಮಂತರಾಯಪ್ಪನವರು. ಅಮರಾಪುರದ ಕಡೆ ಅವರ ಇನ್ನೂರು ಕುರಿ ಮೇಯುತ್ತವೆ. ಕೆಲವು ವರ್ಷದ ಹಿಂದೆ ಕುರಿಗಾರರನ್ನು ಹೊರದೇಶಕ್ಕೆ ಕರೆದೊಯ್ಯುತ್ತಾರೆಂಬ ಸುದ್ದಿ ಹಬ್ಬಿ, ಅವರು ಪಾಸ್‌ಪೋರ್ಟ್ ಮಾಡಿಸಿದ್ದರು. ಸುದ್ದಿ ಸುಳ್ಳಾಯಿತು, ಪಾಸ್‌ಪೋರ್ಟ್ ಉಳಿಯಿತು. ಒಂದು ಮುದ್ರೆಯೂ ಬೀಳದ ಆ ಪುಸ್ತಕ ಅವರಿಗೆ ಹಲ್ಲಿನ ಸಂದಿಯ ನಾರಾಗಿತ್ತು. ಬೀಗರನ್ನು ಬೇಡ ಎನ್ನಲು ಯಾರಿಗಾದರೂ ಬಾಯಿ ಬಂದೀತೇ? ಹೂಂ ಅಂದೆ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಬೀಗರಿಗೆ ಮೊದಲ ಪೆಟ್ಟು ಬಿತ್ತು. ಅಧಿಕಾರಿ ಅವರ ಬೆರಳಚ್ಚು ತೆಗೆದುಕೊಂಡ, ಮುಖದ ಫೋಟೊ ತೆಗೆದುಕೊಂಡ, ಪಾಸ್‌ಪೋರ್ಟನ್ನು ಹಾಗೆಯೇ ವಾಪಸ್ಸು ಕೊಟ್ಟ. ಈಗ ಎಲ್ಲ ಕಂಪ್ಯೂಟರಿನಲ್ಲೇ, ಮುದ್ರೆ ಇಲ್ಲವಂತೆ. ಬೀಗರು ಅಂಗೈಯ ಮೇಲೆ ಮುಷ್ಟಿ ಗುದ್ದಿ ಗುದ್ದಿ ತೋರಿಸಿದರು. ಆತ ನಕ್ಕು ತಲೆಯಾಡಿಸಿದ.

“ಇದೇನ್ ಬೀಗ್ರೇ, ಸಂತೇಲಿ ಕುರಿಗಾದ್ರೂ ಬೆನ್ ಮೇಲೆ ಒಂದ್ ಗುರ್ತು ಹಾಕ್ತಾರೆ. ನಾವು ಇಷ್ಟ್ ದೂರ ಬಂದಿದ್ಕೆ ಸಾಕ್ಷಿ ಏನು?”

“ಇರ್ಲಿ ಬಿಡ್ರಿ ಬೀಗರ. ಹೋಗಾಗ ಕೇಳೋಣಂತ” ಎಂದು ಸಮಾಧಾನ ಮಾಡಿದೆ.

ಮುಂದಿನ ಕೌಂಟರಿನಲ್ಲಿ ಅವರ ಚೀಲ ಬಿಚ್ಚಿಸಿದರು. ಒಳಗೊಂದು ಬಟ್ಟೆಯ ಗಂಟು, ಗಂಟಿನಲ್ಲಿ ಸುಕ್ಕುಗಟ್ಟಿದ ಕಂದು ಸಿಪ್ಪೆಗಳು. ಅಂಟುವಾಳ! ನಮ್ಮ ಬೀಗರು ಮೈಗೆ ಸೋಪು ಮುಟ್ಟಿಸುವವರಲ್ಲ. ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ನೆನೆಹಾಕಿ, ನೊರೆ ಮಾಡಿಕೊಂಡು ಮೀಯುತ್ತಾರೆ. ಅಧಿಕಾರಿಣಿ ಒಂದು ಸಿಪ್ಪೆಯನ್ನು ಮೂಸಿ ಮುಖ ಕಿವುಚಿದಳು. ಇದನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಹೊಳೆಯಲಿಲ್ಲ. ಬೀಗರು ಟೋಪಿ ತೆಗೆದು, ಕೂದಲೇ ಇಲ್ಲದ ತಲೆಯನ್ನು ಎರಡೂ ಕೈಯಿಂದ ಗಸಗಸ ಉಜ್ಜಿ, ಕಣ್ಣು ಮುಚ್ಚಿ ನೀರು ಸುರಿದುಕೊಳ್ಳುವಂತೆ ಅಭಿನಯಿಸಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ಗಂಟು ವಾಪಸ್ಸು ಬಂತು. ನನಗಂತೂ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ಗಂಟು ನನ್ನ ಮಾನ ಉಳಿಸುತ್ತದೆಂದು ಆಗ ಯಾವ ಜೋಯಿಸ ಹೇಳಿದ್ದರೂ ನಂಬುತ್ತಿರಲಿಲ್ಲ.

ನ್ಯೂರೆಂಬರ್ಗಿಗೆ ಹೋಗುವ ರೈಲಿನಲ್ಲಿ ಬೀಗರು ಮನೆಗೆ ಫೋನು ಹಚ್ಚಿ, ನಮ್ಮ ಬೀಗಿತ್ತಿಗೆ ಕುಂಟು ಕುರಿಯ ಔಷಧದ ಬಗ್ಗೆ ಅಮರಾಪುರಕ್ಕೇ ಕೇಳುವ ಹಾಗೆ ಹೇಳತೊಡಗಿದರು. ಎದುರಿನ ಮುದುಕ ಬೆರಳಿನಿಂದ ಕಿಟಕಿಯ ಮೇಲಿನ ಚಿತ್ರ ತೋರಿಸಿದ. ಅದು ಸದ್ದು ಮಾಡಬಾರದ ಬೋಗಿಯಂತೆ. ಮಾತಾಡದೆ ಕೂರಲೆಂದೇ ಒಂದು ಬೋಗಿ! ಗುಂತಕಲ್ಲಿನ ಕಡೆಯ ನಮ್ಮ ಪ್ಯಾಸೆಂಜರಿನಲ್ಲಿ ಇಳಿಯುವ ಹೊತ್ತಿಗೆ ಎದುರಿನವರ ಮಗಳ ಜಾತಕವೂ ನಮ್ಮ ಕೈಲಿರುತ್ತದೆ. ಬೀಗರು ಬಾಯಿ ಮುಚ್ಚಿ ಹೊರಗೆ ನೋಡುತ್ತ ಕೂತರು. ಹಸಿರು ಹುಲ್ಲಿನಲ್ಲಿ ಕೊಬ್ಬಿದ ಕುರಿಗಳು ಕಂಡವು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, “ಕಾಯೋರೇ ಇಲ್ವಲ್ಲ ಬೀಗ್ರೇ. ಹಿಂಗಾದ್ರೆ ಕುರೀನ ಮಾತಾಡ್ಸೋರ್ ಯಾರು?”

ನ್ಯೂರೆಂಬರ್ಗ್

ಬಳಗದ ಸಭೆ ಶುಕ್ರವಾರದಿಂದ ಭಾನುವಾರದವರೆಗೆ, ಒಂದು ಹಳೆಯ ಶಾಲೆಯ ಹಾಲಿನಲ್ಲಿ. ಉದ್ದನೆಯ ಮೇಜುಗಳು, ಮೇಜಿನ ಮೇಲೆ ಸಾಲು ಸಾಲು ಬೋಗಿಗಳು. ಊಟದ ಬೋಗಿ, ಮಲಗುವ ಬೋಗಿ, ಅಂಚೆಯ ಬೋಗಿ. ಹೆಬ್ಬೆರಳಿನಷ್ಟು ಮೇಜಿಗೆ ಉಗುರಿನಷ್ಟು ದೀಪ. ನನಗೆ ಅಲ್ಲೇ ಮನೆ ಮಾಡಿಬಿಡೋಣ ಅನ್ನಿಸಿತು. ಎಲ್ಲರೂ ಬಿಳಿ ಕೈಗವಸು ತೊಟ್ಟು, ಎಳೆಗೂಸನ್ನು ಎತ್ತುವಂತೆ ಬೋಗಿ ಎತ್ತುತ್ತಿದ್ದರು.

ಪಟ್ಟಿಯ ಸಂಪಾದಕರ ಹೆಸರು ಡೀಟರ್. ಆರಡಿ ಎತ್ತರ, ಕತ್ತಿಗೆ ನೇತುಬಿಟ್ಟ ಭೂತಗನ್ನಡಿ, ನಗು ಮಾತ್ರ ಅಳತೆಯದು. ನನ್ನ ಬೋಗಿಯನ್ನು ಹತ್ತು ನಿಮಿಷ ತಿರುಗಿಸಿ ಮುರುಗಿಸಿ ನೋಡಿದರು. ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ನಾನು ಲಾಟಿನ ಕಥೆ ಹೇಳಿದೆ. ಬೂದು ಬಣ್ಣ ಮುಗಿದ ಒಂದು ಸಂಜೆ ನಿಮ್ಮ ಮೇಸ್ತ್ರಿಯೂ, ಇವತ್ತಿಗೆ ನೀಲಿ ಹೊಡೀರಿ ಎಂದಿರುತ್ತಾನೆ, ನಾನೂ ಅಂಥ ಮೇಸ್ತ್ರಿಯೇ ಎಂದೆ. ಅವರು ಸೌಜನ್ಯದಿಂದ ಕೇಳಿದರು, ಆಮೇಲೆ ಸೌಜನ್ಯದಿಂದಲೇ ನನ್ನನ್ನು ಕೊಂದರು.

“ಬಣ್ಣ ಹಳೆಯದು, ಒಪ್ಪುತ್ತೇನೆ. ಆದರೆ ಹಳೆಯ ಕಾಲದಲ್ಲೂ ಮನೆಯಲ್ಲಿ ಬಣ್ಣ ಹೊಡೆಯುವವರು ಇದ್ದರಲ್ಲ? ನಮ್ಮ ನಿಯಮ ಸರಳ. ಒಂದೇ ಇದ್ದರೆ ಅದು ತಪ್ಪು. ಎರಡಿದ್ದರೆ ವೇರಿಯೇಷನ್. ಇಂಥದೇ ಇನ್ನೊಂದು ತನ್ನಿ. ಪಟ್ಟಿ ಭಾನುವಾರ ಅಚ್ಚಿಗೆ ಹೋಗುತ್ತದೆ.”

ಇಪ್ಪತ್ತು ವರ್ಷ ಹುಡುಕಿದರೂ ಸಿಗದ ಇನ್ನೊಂದನ್ನು ಎರಡು ದಿನದಲ್ಲಿ ಎಲ್ಲಿಂದ ತರಲಿ? ಬೋಗಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೀಗರ ಬಳಿಗೆ ಬಂದೆ.

“ಏನಂದ?” ಎಂದರು ಬೀಗರು.

“ಸುಳ್ಳು ಅಂದ್ರಿ.”

“ಬೋಗೀನ?”

“ಬೋಗಿ ಅಂದ್ರ ನಾನಽ ಅಲ್ರಿ ಮತ್ತ.”

ಬೀಗರ ಮುಖ ಕೆಂಪಾಯಿತು. “ನನ್ ಬೀಗರ್ನ ಸುಳ್ಳ ಅನ್ನಾದಾ? ಎಲ್ಲಿ ಕೊಡಿ ಅದ್ನ” ಎಂದು ಬೋಗಿಯನ್ನು ಕಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ಹೊರಳಿಸಿದರು. ಅಲ್ಲಿಯವರೆಗೆ ಅವರು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ನೋಡಿ ವಾಪಸ್ಸು ಕೊಟ್ಟರು.

ಹೋಟೆಲಿಗೆ ನಡೆಯುತ್ತ ಒಂದು ರಸ್ತೆ ದಾಟಬೇಕಿತ್ತು. ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ, ಆದರೂ ಹತ್ತು ಜನ ಕೆಂಪು ದೀಪಕ್ಕೆ ಮರ್ಯಾದೆ ಕೊಟ್ಟು ನಿಂತಿದ್ದರು. “ಯಾರ್ನ ಕಾಯ್ತಾವ್ರೆ?” ಎಂದರು ಬೀಗರು. ದೀಪವನ್ನು ಎಂದೆ. ಇಂಥ ಜನ ನಿಯಮ ಬಿಟ್ಟು ನನ್ನ ಮಾತು ಕೇಳುತ್ತಾರೆಂದು ನಾನು ನಂಬಿ ಬಂದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಫ್ಯುರ್ತ್

ಶನಿವಾರ ಸಭೆಗೆ ಹೋಗಲು ನನಗೆ ಮುಖವಿರಲಿಲ್ಲ. ಪಕ್ಕದ ಫ್ಯುರ್ತ್ ಊರಿನಲ್ಲಿ ಹಳೆಯ ಸಾಮಾನಿನ ಸಂತೆ ಇದೆ ಎಂದು ಹೋಟೆಲಿನವರು ಹೇಳಿದರು. ಬೀಗರಿಗೆ ಸಂತೆ ಎಂಬ ಪದ ಕೇಳಿದರೆ ಸಾಕು. ಹೋದೆವು. ಮಡಕಶಿರದ ಸಂತೆಗೂ ಅದಕ್ಕೂ ವ್ಯತ್ಯಾಸ ಇಷ್ಟೇ, ಅಲ್ಲಿ ಯಾರೂ ಕೂಗುತ್ತಿರಲಿಲ್ಲ. ಕೂಗದೆ ಹೇಗೆ ಮಾರುತ್ತಾರೋ ದೇವರೇ ಬಲ್ಲ.

ಒಬ್ಬ ಮುದುಕಿ ನೆಲದ ಮೇಲೆ ಕಂಬಳಿ ಹಾಸಿ, ಒಡೆದ ಪಿಂಗಾಣಿ, ಗಡಿಯಾರದ ಮುಳ್ಳು, ರಟ್ಟಿನ ಡಬ್ಬದಲ್ಲಿ ಹೊಗೆ ಕುಡಿದು ಕರ್ರಗಾದ ಏಳೆಂಟು ಬೋಗಿಗಳನ್ನು ಇಟ್ಟುಕೊಂಡಿದ್ದಳು. ನಾನು ನಿಂತಲ್ಲೇ ಕಣ್ಣಾಡಿಸಿದೆ. ನನ್ನ ಮಾದರಿಯವೇ ಮೂರಿದ್ದವು, ಮೂರರದೂ ಮಸಿ ಹಿಡಿದ ಬೂದು ಚಾವಣಿ. ಎಲ್ಲೆಲ್ಲೂ ಸಿಗುವಂಥವು. ಮುಂದಕ್ಕೆ ಹೊರಟೆ. ತಿರುಗಿ ನೋಡಿದರೆ ಬೀಗರು ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದಾರೆ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವಂತೆ ಒಂದೊಂದೇ ಬೋಗಿಯನ್ನು ಎತ್ತಿ ಪಕ್ಕೆ ನೋಡುತ್ತಿದ್ದಾರೆ. ಮೂರನೆಯದು ಕೈಗೆ ಬಂದಾಗ ಅವರ ಹುಬ್ಬು ಏರಿತು.

“ಬೀಗ್ರೇ, ಬನ್ನಿ ಇಲ್ಲಿ. ಇದು ನಿಮ್ ಬೋಗೀ ಒಡಹುಟ್ಟು.”

“ಅಲ್ರೀ ಬೀಗರ, ಅದು ಬೂದು ಚಾವಣಿದು. ಇಂಥವು ಸಾವಿರ ಅದಾವು.”

“ಚಾವಣಿ ಮನೆ ಹಾಳಾಗ. ಕಿಟ್ಕಿ ನೋಡಿ. ಮೂರ್ನೇ ಕಿಟ್ಕಿ ಕೆಳಗ್ಲ ಮೂಲೇಲಿ ತಗಡು ಹಲ್ಲು ಕಿರ್ದೈತೆ. ನಿಮ್ದರಲ್ಲೂ ಹಿಂಗೇ ಐತೆ, ನಿನ್ನೆ ನೋಡಿವ್ನಿ. ಮಿಕ್ಕಿದ್ ಎರಡ್ರಲ್ಲಿ ಇಲ್ಲ. ಇನ್ನೂರ್ ಕುರೀಲಿ ಯಾವ್ ಮರಿ ಯಾವ್ ತಾಯೀದು ಅಂತ ಹೇಳೋನು ನಾನು. ಇವೆರಡೂ ಒಂದೇ ತಾಯಿ ಹೊಟ್ಟೇವು.”

ಕರವಸ್ತ್ರ ಬಿಚ್ಚಿ ನನ್ನ ಬೋಗಿಯನ್ನು ಪಕ್ಕದಲ್ಲಿ ಹಿಡಿದೆ. ಮೂರನೆಯ ಕಿಟಕಿ, ಕೆಳಗಿನ ಮೂಲೆ, ಅಕ್ಕಿಯ ನುಚ್ಚಿನಷ್ಟು ಹಲ್ಲು. ಎರಡರಲ್ಲೂ! ಕಿಟಕಿ ಕತ್ತರಿಸುವ ಅಚ್ಚು ಒಂದಷ್ಟು ದಿನ ಮುಕ್ಕಾಗಿದ್ದಿರಬೇಕು. ಇಪ್ಪತ್ತು ವರ್ಷ ಚಾವಣಿಯ ಬಣ್ಣವನ್ನೇ ನೋಡಿ ನೋಡಿ ನಾನು ಕಿಟಕಿಯನ್ನು ನೋಡಿಯೇ ಇರಲಿಲ್ಲ. ಶೇಡು ಶೇಡು ಎಂದು ಮೆರೆಯುವ ನನ್ನ ಕಣ್ಣಿಗೆ ಮಣ್ಣು ಬೀಳಲಿ!

ಬೀಗರು ತಟ್ಟನೆ ತೆಲುಗಿಗೆ ಹೊರಳಿದರು. “ಮಾಟ್ಲಾಡಕಂಡಿ” ಎಂದು ಹಲ್ಲು ಕಚ್ಚಿ, ಮಾತಾಡದಂತೆ ನನಗೆ ಎಚ್ಚರಿಕೆ ಕೊಟ್ಟರು. ಕನ್ನಡದವರ ಅಂಗಡಿಯಲ್ಲಿ ತೆಲುಗು, ತೆಲುಗಿನವರ ಅಂಗಡಿಯಲ್ಲಿ ಕನ್ನಡ, ಇದು ನಮ್ಮ ಗಡಿಯವರ ವ್ಯಾಪಾರದ ಗುಟ್ಟು. ಜರ್ಮನ್ ಮುದುಕಿಗೆ ಎರಡೂ ಒಂದೇ ಎಂಬುದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಮುದುಕಿ ಬೆರಳು ಮಡಚಿ ಬೆಲೆ ಹೇಳಿದಳು. ನಾನು ಜೇಬಿಗೆ ಕೈ ಹಾಕಿದೆ. ಬೀಗರು ನನ್ನ ಕೈ ಹಿಡಿದರು. ಬೀಗರ ಮುಂದೆ ಬೀಗರು ದುಡ್ಡು ಬಿಚ್ಚುವುದೆಂದರೇನು? “ನಾನ್ ಕೊಡ್ತೀನ್ ಬಿಡಿ!” “ಏ, ಬಿಡ್ರಿ ಬೀಗರ, ನನ್ನ ಮರ್ಯಾದಿ ತೆಗೀಬ್ಯಾಡ್ರಿ!” ಅವರು ನನ್ನ ಕೈ ನೂಕಿದರು, ನಾನು ಅವರ ರಟ್ಟೆ ಹಿಡಿದು ಎಳೆದೆ. ಅವರ ಟೋಪಿ ಬಿತ್ತು, ನನ್ನ ಕನ್ನಡಕ ಹಾರಿತು. ಮೂರೂರಿಗೆ ಕೇಳುವಷ್ಟು ಗಲಾಟೆ. ನಮ್ಮ ಕಡೆ ಬಸ್ಸಿನಲ್ಲಿ ಟಿಕೆಟ್ಟಿಗೆ, ಹೋಟೆಲಿನಲ್ಲಿ ಬಿಲ್ಲಿಗೆ ಬೀಗರು ಬೀಗರು ಹೀಗೆ ಗುದ್ದಾಡುವುದನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಪಕ್ಕದ ಅಂಗಡಿಯ ದಾಂಡಿಗನೊಬ್ಬ ಓಡಿಬಂದು, ನಮ್ಮಿಬ್ಬರ ನಡುವೆ ಅಡ್ಡ ನಿಂತು, ಕೈ ಚಾಚಿ ಬೇರೆ ಮಾಡಿದ. ಮುದುಕಿ ಗಾಬರಿಯಿಂದ ಬೋಗಿಯನ್ನು ಬೀಗರ ಕೈಗೆ ತುರುಕಿ, ಅವರ ನೋಟನ್ನು ಕಿತ್ತುಕೊಂಡು, ಹೋಗಿ ಹೋಗಿ ಎಂದು ಕೈಬೀಸಿದಳು. ಗೆದ್ದವರು ಬೀಗರೇ.

ಮಧ್ಯಾಹ್ನ ಹೋಟೆಲಿನ ಬಚ್ಚಲುಮನೆಯಲ್ಲಿ ಅವರು ಹಲ್ಲುಜ್ಜುವ ಲೋಟದಲ್ಲಿ ಅಂಟುವಾಳ ನೆನೆಹಾಕಿದರು. ನಾನು ಅಡ್ಡ ಬಂದೆ. ಹಳೆಯ ಬೋಗಿಯನ್ನು ತೊಳೆಯುವುದೆಂದರೆ ಸಂಗ್ರಾಹಕರಲ್ಲಿ ಗೋಹತ್ಯೆಗೆ ಸಮ. ಬಣ್ಣ ಎದ್ದರೆ ಇದ್ದ ಒಂದು ಸಾಕ್ಷಿಯೂ ಹೋಯಿತು.

“ಬ್ಯಾಡ್ರಿ ಬೀಗರ, ನಿಮ್ಮ ಕಾಲಿಗೆ ಬೀಳ್ತೀನಿ.”

“ಸುಮ್ನಿರಿ, ಮಸಿ ಕೆಳ್ಗೆ ಏನೈತೋ ನೋಡಾನ. ನಿಮ್ ಬೀಗಿತ್ತಿ ಮಾಂಗಲ್ಯ ತೊಳ್ಯಾದು ಇದ್ರಲ್ಲೇ, ರೇಷ್ಮೆ ಸೀರೆ ಒಗ್ಯಾದೂ ಇದ್ರಲ್ಲೇ. ಕೊಳೆ ಹೋಗ್ತೈತೆ, ಬಣ್ಣ ಹೋಗಾಕಿಲ್ಲ.”

ನನ್ನ ಹೊಸ ಬನಿಯನ್ನಿನ ತುದಿಯನ್ನು ನೊರೆಯಲ್ಲಿ ಅದ್ದಿ, ಚಾವಣಿಯ ಮೂಲೆಯನ್ನು ಮೆಲ್ಲಗೆ ಒರೆಸಿದರು. ಬನಿಯನ್ನು ಕಪ್ಪಾಯಿತು. ಇನ್ನೊಮ್ಮೆ ಒರೆಸಿದರು, ಮತ್ತೂ ಕಪ್ಪು. ನಾನು ಕಣ್ಣು ಮುಚ್ಚಿಕೊಂಡೆ.

“ಈಗ ನೋಡಿ.”

ಹೆಬ್ಬೆರಳಗಲದ ನೀಲಿ. ಯಾವುದೋ ಮನೆಯ ಒಲೆಯ ಹೊಗೆಯಡಿ ಅಷ್ಟು ವರ್ಷ ಬೂದಾಗಿ ಬಿದ್ದಿದ್ದ ನೀಲಿ. ನನ್ನ ಬೋಗಿಯನ್ನು ಪಕ್ಕಕ್ಕಿಟ್ಟೆ. ಒಂದೇ ಲಾಟು! ಸಾವಿರ ತಾನು ಬಟ್ಟೆ ನೋಡಿದ ಕಣ್ಣು ಹೇಳುತ್ತಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಬೀಗರನ್ನು ಅಪ್ಪಿಕೊಂಡು ಅತ್ತೇಬಿಟ್ಟೆ. ಬೀಗರು ಬೀಗರನ್ನು ತಬ್ಬಿಕೊಂಡು ಅಳುವುದು ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಮಾತ್ರ. ಅವತ್ತೂ ನಾನು ಇಷ್ಟು ಅತ್ತಿರಲಿಲ್ಲ.

ಮತ್ತೆ ನ್ಯೂರೆಂಬರ್ಗ್

ಭಾನುವಾರ ಬೆಳಿಗ್ಗೆ ಎರಡೂ ಬೋಗಿಗಳನ್ನು ಡೀಟರ್ ಎದುರು ಜೋಡಿಸಿಟ್ಟೆ. ಎರಡನೆಯದರ ಚಾವಣಿಯನ್ನು ಬೇಕೆಂದೇ ಅರ್ಧ ಮಾತ್ರ ತೊಳೆದಿದ್ದೆವು. ಅರ್ಧ ಮಸಿ, ಅರ್ಧ ನೀಲಿ. ನಿನ್ನೆ ಬಣ್ಣ ಹೊಡೆದದ್ದು ಎನ್ನುವ ಬಾಯಿಗೆ ಮಸಿಯೇ ಉತ್ತರ. ಇದು ಬೀಗರ ಉಪಾಯ. “ಎಲ್ಲಾ ತೊಳುದ್ಬುಟ್ರೆ ಮತ್ತೆ ಸುಳ್ಳ ಅಂತಾನೆ” ಎಂದಿದ್ದರು.

ಡೀಟರ್ ಭೂತಗನ್ನಡಿ ಹಿಡಿದು ಕಿಟಕಿಯ ಹಲ್ಲು ನೋಡಿದರು, ಮಸಿಯ ಅಂಚು ನೋಡಿದರು, ಮೂಸಿದರು. “ಇದೇನು ವಾಸನೆ?” ಎಂದರು. ನಮ್ಮೂರಿನ ಸೋಪಿನ ಕಾಯಿ ಎಂದೆ. ಅವರು ಇನ್ನಿಬ್ಬರನ್ನು ಕರೆದರು, ಆ ಇಬ್ಬರು ಮತ್ತೆ ನಾಲ್ವರನ್ನು ಕರೆದರು. ಕೊನೆಗೆ ಡೀಟರ್ ಎದ್ದು, ಒಂದು ಸಣ್ಣ ಗಂಟೆ ಬಾರಿಸಿ, ಜರ್ಮನ್ನಿನಲ್ಲಿ ಏನೋ ಹೇಳಿದರು. ಹಾಲಿನಲ್ಲಿದ್ದವರೆಲ್ಲ ಮುಷ್ಟಿಯಿಂದ ಮೇಜು ಕುಟ್ಟತೊಡಗಿದರು. ದಡದಡ ಸದ್ದು.

ಬೀಗರು ನನ್ನ ತೋಳು ಹಿಡಿದರು. “ಸಿಟ್ಟಾಗವ್ರೆ ಬೀಗ್ರೇ. ಎತ್ಕೊಳಿ, ಓಡಾನ.”

ಸಿಟ್ಟಲ್ಲ, ಇಲ್ಲಿ ಕೆಲವರು ಚಪ್ಪಾಳೆ ತಟ್ಟುವುದು ಹೀಗೆ ಎಂದು ಡೀಟರೇ ನಗುತ್ತ ಬಿಡಿಸಿ ಹೇಳಿದರು. ಅಳತೆ ತಪ್ಪಿದ ನಗು ಅದು, ಬಾಯಿ ತುಂಬ. ಆಮೇಲೆ ನನ್ನ ಕೈ ಹಿಡಿದು ಕ್ಷಮೆ ಕೇಳಿದರು. ಅದೊಂದು ಗಳಿಗೆಗಾಗಿ ಇನ್ನೂ ಹತ್ತು ಸಮುದ್ರ ದಾಟಬಹುದಿತ್ತು.

ಪಟ್ಟಿಯಲ್ಲಿ ಹೊಸ ವೇರಿಯೇಷನ್ನಿಗೆ ಊರಿನ ಹೆಸರಿಡುವುದು ವಾಡಿಕೆಯಂತೆ. ಯಾವ ಊರು ಎಂದರು. ಮಡಕಶಿರ ಎಂದೆ ನಾನು. ರಾಯದುರ್ಗ ಎಂದರು ಬೀಗರು. “ಕಂಡುಹಿಡ್ದೋರು ನೀವ್ರಿ.” “ಮೊದ್ಲು ತಂದೋರು ನೀವು.” ಮತ್ತೆ ಕೈ ಕೈ ಹಿಡಿಯುವ ಹಂತಕ್ಕೆ ಬಂದಾಗ ಡೀಟರ್ ಎರಡನ್ನೂ ಬರೆದುಕೊಂಡರು. ಒಂದು ಪ್ರಮಾಣಪತ್ರ ಟೈಪು ಮಾಡಿ, ದುಂಡನೆಯ ಮುದ್ರೆಯನ್ನು ಮಸಿಗೆ ಅದ್ದಿ, ಠಪ್ಪೆಂದು ಒತ್ತಿದರು. ಬೀಗರ ಕಣ್ಣರಳಿತು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವರ ಪಾಸ್‌ಪೋರ್ಟಿನೊಳಗೆ ನಾನೇ ಇಟ್ಟೆ. “ಬಿತ್ತು ನೋಡಿ ಮುದ್ರೆ” ಎಂದು ಅವರು ಪುಸ್ತಕವನ್ನು ಎದೆಯ ಜೇಬಿಗೆ ಸೇರಿಸಿದರು.

ರಾಯದುರ್ಗ

ಅಚ್ಚಾದ ಪಟ್ಟಿಯ ಎರಡು ಪ್ರತಿಗಳು ಮೂರು ತಿಂಗಳ ಮೇಲೆ ಅಂಚೆಯಲ್ಲಿ ಬಂದವು. ಅವತ್ತು ಬೀಗರೂ ಮನೆಯಲ್ಲಿದ್ದರು. ನನ್ನ ಹೆಂಡತಿ ಹೋಳಿಗೆ ಮಾಡಿದ್ದಳು. ಕೈ ತೊಳೆದು ಬಂದು ಪುಟ ತೆರೆದೆ. ನಕಲಿಗಳ ಭಾಗದಲ್ಲಿ ಅಲ್ಲ, ಅಸಲಿಗಳ ನಡುವೆ, ನೀಲಿ ಚಾವಣಿ. ಕೆಳಗೆ ರಾಯದುರ್ಗ, ಅಚ್ಚುಕಟ್ಟಾಗಿ. ಅದರ ಪಕ್ಕದ ಹೆಸರನ್ನು ಎರಡು ಸಲ ಓದಿದೆ. ಇಂಗ್ಲಿಷಿನ ಅಕ್ಷರಗಳು ಅದಲುಬದಲಾಗಿ ಮಡಕಶಿರ ಹೋಗಿ ಮಕಾಡಸಿರ ಆಗಿತ್ತು.

ಮುಚ್ಚಿಡಲು ನೋಡಿದೆ, ಬೀಗರು ಬಿಡಲಿಲ್ಲ. ಅಕ್ಷರ ಕೂಡಿಸಿ ಓದಿದರು. “ಮ... ಕಾಡ... ಅಯ್ಯಯ್ಯೋ! ನಮ್ಮೂರ್ನ ಮಕಾಡೆ ಮಲಗ್ಸವ್ನಲ್ಲ ಬೀಗ್ರೇ!”

ಬೀಗರಿಗೆ ಇಂಥ ಅವಮಾನವೇ? ನಾನು ಆಗಲೇ ಫೋನು ತೆಗೆದೆ. “ತಪ್ಪಾತ್ರಿ ಬೀಗರ. ಈಗಽ ಡೀಟರಿಗೆ ಬರೀತೀನಿ. ಮುಂದಿನ ಅಚ್ಚಿಗೆ ತಿದ್ದಿಸ್ತೀನಿ.”

ಬೀಗರು ನನ್ನ ಕೈ ಹಿಡಿದರು, ಫ್ಯುರ್ತಿನ ಸಂತೆಯಲ್ಲಿ ಹಿಡಿದಷ್ಟೇ ಬಿಗಿಯಾಗಿ.

“ಈಗ್ಲೇ ಬ್ಯಾಡ, ಮೊದ್ಲು ಇವ್ನ ಎತ್ತಿಡಾನ. ಆಮ್ಯಾಕೆ ತಿದ್ಲಿ. ತಿದ್ದಿದ್ ಮ್ಯಾಲೆ ಹಿಂಗ್ ತಪ್ಪಾಗಿರಾದು ಎಲ್ಲೂ ಸಿಗಾಕಿಲ್ಲ, ಆಗ ತಾನೆ ಇದ್ಕೆ ಬೆಲೆ?” ಎಂದು ಒಂದು ಪ್ರತಿಯನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಇನ್ನೊಂದನ್ನು ನನ್ನ ಮುಂದೆ ಸರಿಸಿದರು. “ಇದು ನಿಮ್ಗೆ, ಜ್ವಾಪಾನ. ಒಂದೇ ಇದ್ರೆ ತಪ್ಪು ಅಂದ್ಬುಡ್ತಾರೆ ಬೀಗ್ರೇ. ಎರಡಿರ್ಬೇಕು.”